ನಿಮ್ಮ ರಾಜ್ಯದಲ್ಲಿ ಉಳಿದ ನನ್ನ ಆಸ್ತಿ

ರಾಜ್ಯ ಆದಾಯ ತೆರಿಗೆ ಕಚೇರಿಯವರಿಗೆ,

ನಿಮ್ಮ ಮೂರನೇ ನೋಟಿಸೂ ಬಂತು. ನಾನು ನಿಮ್ಮ ರಾಜ್ಯದವನಲ್ಲ, ಟೆನ್ನೆಸಿ ರಾಜ್ಯದ ಲೈನ್‌ಮನ್. ಜನವರಿಯ ಹಿಮಗಾಳಿಗೆ ನಿಮ್ಮ ಕರೆಂಟ್ ಕಂಬಗಳೆಲ್ಲ ನೆಲ ಕಚ್ಚಿದಾಗ ನಿಮ್ಮವರೇ ಕರೆಸಿದರು. ಹನ್ನೊಂದು ದಿನ ಟ್ರಕ್ಕಿನಲ್ಲೇ ಮಲಗೆದ್ದು ತಂತಿ ಎಳೆದೆ. ಆ ಸಂಬಳಕ್ಕೆ ನಿಮಗೂ ತೆರಿಗೆ ಕಟ್ಟಬೇಕೆಂದು ನನಗೆ ಹೊಳೆಯಲೇ ಇಲ್ಲ. ನಮ್ಮಲ್ಲಿ ಸಂಬಳಕ್ಕೆ ರಾಜ್ಯದ ತೆರಿಗೆಯೇ ಇಲ್ಲ.

ಫೋನ್ ಮಾಡಿದರೆ ನಿಮ್ಮ ಗುಮಾಸ್ತೆ, "ಏನಪ್ಪಾ, ನಮ್ಮೂರಲ್ಲಿ ದುಡ್ಡು ಬಾಚ್ಕೊಂಡು ಹೋಗ್ಬಿಟ್ರೆ ಆಯ್ತಾ?" ಅಂದಳು.

"ನಿಮ್ಮನೆಗೆ ಕರೆಂಟ್ ಬಂತೇನಮ್ಮಾ?" ಅಂದೆ.

"ಅದು ಬೇರೆ ವಿಷ್ಯ."



ಚೆಕ್ಕು ಇಟ್ಟಿದ್ದೇನೆ, ತಗೊಳ್ಳಿ. ಫಾರಂ ಕೂಡ ತುಂಬಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಸಹಿಸಿಕೊಳ್ಳಿ, ಎಡಗೈಯಲ್ಲಿ ಬರೆಯುವುದನ್ನು ಈಗೀಗ ಕಲಿಯುತ್ತಿದ್ದೇನೆ. 'ನಮ್ಮ ರಾಜ್ಯದಲ್ಲಿ ನಿಮಗೆ ಸೇರಿದ್ದು ಏನಾದರೂ ಇದೆಯೇ?' ಎಂಬ ಒಂಬತ್ತನೇ ಪ್ರಶ್ನೆಗೆ 'ಇದೆ' ಎಂದಿದ್ದೇನೆ. ಬಲಗೈಯ ಎರಡು ಬೆರಳು, ಗಿರಣಿ ರಸ್ತೆಯ ಕೊನೇ ಕಂಬದ ಬುಡದಲ್ಲಿ.

ನಾನು ಹನ್ನೊಂದು ದಿನಕ್ಕೆ ಬಂದು ಹೋದವನು. ಅವು ನಿಮ್ಮಲ್ಲೇ ಕಾಯಂ. ಅವಕ್ಕೆಷ್ಟು ತೆರಿಗೆ ಎಂದು ದಯವಿಟ್ಟು ತಿಳಿಸಿ.

ಇಂತಿ,
ವೆಂಡೆಲ್ ಟಾರ್‌ಪ್ಲಿ