ಮದರ್‌ಬೋರ್ಡ್ ಯಾವ ಮರದ್ದು?

ಪ್ರೀತಿಯ ಅಪ್ಪನಿಗೆ,

ಹೇಳದೇ ಬಿಡುವುದರಲ್ಲಿದ್ದೆ: ನಾನು ಬಿಡಿಭಾಗ ತಂದು ಜೋಡಿಸುತ್ತಿರುವ ಆ ಗೇಮಿಂಗ್ ಕಂಪ್ಯೂಟರ್ ನಿಮ್ಮ ಮೊಮ್ಮಗಳಿಗಲ್ಲ, ನನಗೇ. ನಲವತ್ತಾರಕ್ಕೆ ಇದೆಲ್ಲ ಬೇಕೇ ಎಂದು ನನ್ನನ್ನೇ ಕೇಳಿಕೊಂಡೆ. ಬೇಕು ಅನ್ನಿಸಿತು. ಒಳ್ಳೆಯ ಗ್ರಾಫಿಕ್ಸ್ ಕಾರ್ಡನ್ನೇ ಆರಿಸಿದ್ದರಿಂದ, ಎಲ್ಲವನ್ನೂ ಕೂರಿಸುವ ಪೆಟ್ಟಿಗೆಗೆ ದುಡ್ಡು ಉಳಿಯಲಿಲ್ಲ.

ಮೊನ್ನೆ ಫೋನಿನಲ್ಲಿ ನೀವು “ಮದರ್‌ಬೋರ್ಡ್ ಯಾವ ಮರದ್ದಮ್ಮಾ, ತೇಗದ್ದಾ?” ಎಂದಾಗ ಬಿದ್ದು ಬಿದ್ದು ನಕ್ಕೆ. ಆಮೇಲೆ ಹೊಳೆಯಿತು, ಬಡಗಿಯ ಮಗಳು ಪೆಟ್ಟಿಗೆ ಕೊಳ್ಳುವುದೇ!

ಅಂಗಡಿ ಮುಚ್ಚಿದಾಗಿನಿಂದ “ನನ್ನ ಕೆಲಸ ಇನ್ಯಾರಿಗೆ ಬೇಕು?” ಎನ್ನುತ್ತೀರಿ. ನನಗೆ ಬೇಕು, ಅಪ್ಪ. ಪೆಟ್ಟಿಗೆಯ ಅಳತೆಗಳನ್ನು ಈ ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ, ಗಾಳಿಯಾಡಲು ತೂತುಗಳಿರಲಿ. ನೀವೇ ತಂದುಕೊಡಿ, ಮೊದಲ ಆಟ ಇಬ್ಬರೂ ಆಡೋಣ. ಫೋನಿನಲ್ಲಿ ಕೇಳಿದರೆ ಮಾತು ಮರೆಸುತ್ತೀರಿ, ಅದಕ್ಕೇ ಈ ಪತ್ರ.

ನಿಮ್ಮ ಮಗಳು

ಹನ್ನೆರಡನೇ ತಾರೀಖು, ಗುರುವಾರ, ಅಂಚೆಗೆ ಹಾಕುತ್ತೇನೆ.