ಹಸಿರಿನ ಹೊಟ್ಟೆಯ ನೀಲಿ

ಮನೆಯಿಂದ,
ಭಾನುವಾರ ಬೆಳಿಗ್ಗೆ, ತಾರೀಖು ಒಂಬತ್ತು

ಪ್ರೀತಿಯ ತಮ್ಮಾ,

ನೀನು ಕೆಲಸ ಮಾಡುವ ಬೇಕರಿಯ ಒಲೆ ತಗುಲಿ ಕೈ ಸುಟ್ಟುಕೊಂಡೆಯಂತೆ, ಅಮ್ಮ ಹೇಳಿದಳು. ವಾಸಿಯಾಯಿತೆ? ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುತ್ತಿದ್ದ ಭೂಪ ನೀನು, ಅಲ್ಲಿ ಎಷ್ಟು ಹುಷಾರಾಗಿರುತ್ತೀಯೋ ನನಗೆ ಗೊತ್ತು. ಇಲ್ಲಿ ಅಮ್ಮನ ಮಂಡಿನೋವು ಪರವಾಗಿಲ್ಲ. ನಾನೂ ನನ್ನ ಹೊಲಿಗೆ ಮಷಿನ್ನೂ ಎಂದಿನಂತೆ ಕಟಕಟ ಅನ್ನುತ್ತಿದ್ದೇವೆ. ಫೋನಿನಲ್ಲಿ ನನ್ನ ದನಿ ಕೇಳಿದರೆ ಇಟ್ಟುಬಿಡುತ್ತೀಯ. ಕಾಗದವನ್ನಾದರೂ ಕೊನೆವರೆಗೆ ಓದುತ್ತೀಯ ಎಂದುಕೊಂಡಿದ್ದೇನೆ.

ಹಕ್ಕಿಗಳ ವಿಷಯಕ್ಕೆ ಬರುತ್ತೇನೆ. ಐದು ತಿಂಗಳ ಹಿಂದೆ ನನ್ನ ಹಸಿರು ಬಡ್ಜಿ ಗಿಳಿ ಜೋಡಿಯ ಗೂಡಿನಲ್ಲಿ ಒಂದು ನೀಲಿ ಮರಿ ಕಂಡಾಗ ನಾನು ಸಿಟ್ಟಿನಲ್ಲಿ ಕುಣಿದ ಕುಣಿತ ನೀನು ಮರೆತಿರಲಾರೆ. ಹಸಿರಿಗೆ ಹಸಿರೇ ಹುಟ್ಟಬೇಕು, ನಿನ್ನ ನೀಲಿ ಗಂಡುಹಕ್ಕಿಯನ್ನು ಕದ್ದುಮುಚ್ಚಿ ಒಳಗೆ ಬಿಟ್ಟು ನನ್ನ ತಳಿ ಕೆಡಿಸಿದ್ದೀಯ ಎಂದೆ. “ಅಕ್ಕಾ, ನಾನು ಬಾಗಿಲು ಮುಟ್ಟೇ ಇಲ್ಲ” ಅಂದೆ ನೀನು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಪಕ್ಕದ ಮನೆಯವರ ಎದುರಿಗೇ ನಿನ್ನನ್ನು ಸುಳ್ಳ ಎಂದೆ. ಮೂರನೇ ದಿನ ನೀನು ಬ್ಯಾಗು ತುಂಬಿಕೊಂಡು ಹೊರಟೆ.

ಆಮೇಲೆ ಅದೇ ಜೋಡಿಯನ್ನು ಮತ್ತೆ ಕೂಡಿಸಿದೆ. ಈ ಸಲ ಪಂಜರಕ್ಕೆ ಬೀಗ, ಬೀಗದ ಕೈ ನನ್ನ ಸೊಂಟದಲ್ಲಿ. ನೀನೋ ಊರಲ್ಲೇ ಇಲ್ಲ. ಮರಿಗಳೆಲ್ಲ ಹಸಿರಾಗಲಿ, ಆಮೇಲೆ ನಿನಗೆ ಮಾಡುತ್ತೇನೆ ಎಂದು ನವಣೆ ಹಾಕುವಾಗಲೆಲ್ಲ ಬೀಗ ಜಗ್ಗಿ ನೋಡುತ್ತಿದ್ದೆ. ಆರು ಮೊಟ್ಟೆ, ಐದು ಮರಿ. ಪುಕ್ಕ ಮೂಡುವ ಹೊತ್ತಿಗೆ ನಾಲ್ಕು ಹಸಿರು, ಒಂದು ನೀಲಿ.

ಹಕ್ಕಿ ಡಾಕ್ಟರ ಹತ್ತಿರ ಓಡಿದೆ. “ಹಸಿರು ಮೇಲೆ ಕಾಣೋದಮ್ಮ, ನೀಲಿ ಒಳಗೆ ಅಡಗಿ ಕೂತಿರುತ್ತೆ” ಎಂದರು. ಅಪ್ಪನಿಂದಲೂ ಅಮ್ಮನಿಂದಲೂ ನೀಲಿಯ ಪಾಲು ಸಿಕ್ಕಿದ ಮರಿ ಮಾತ್ರ ನೀಲಿಯಾಗುತ್ತದಂತೆ. ಒಬ್ಬರಿಂದಷ್ಟೇ ಸಿಕ್ಕರೆ ಹಸಿರೇ. ನಿನ್ನ ಹಕ್ಕಿ ಒಳಗೆ ಹೋಗಿದ್ದರೂ, ನನ್ನ ಹೆಣ್ಣಿನೊಳಗೆ ನೀಲಿ ಇರದಿದ್ದರೆ ನೀಲಿ ಮರಿ ಹುಟ್ಟುತ್ತಲೇ ಇರಲಿಲ್ಲವಂತೆ. ಅಪ್ಪಟ ಹಸಿರು ತಳಿ ಎಂದು ವರ್ಷಗಟ್ಟಲೆ ಜಂಬ ಕೊಚ್ಚಿಕೊಂಡವಳಿಗೆ ಹೇಗಾಗಿರಬೇಡ ಹೇಳು. ಪಕ್ಕದ ಮನೆಯವರನ್ನು ಕರೆದು, ತಪ್ಪು ನನ್ನದು, ತಮ್ಮ ನಿಜ ಹೇಳಿದ್ದ ಎಂದೆ. ಅವರಿಗೆ ಮರೆತೇಹೋಗಿತ್ತು. ಅಮ್ಮ ಮಾತ್ರ, “ನಮಗ್ಯಾಕೆ ಹೇಳ್ತೀಯ, ಅವನಿಗೆ ಹೇಳು” ಅಂದಳು. ಹೇಳುತ್ತಿದ್ದೇನೆ. ನಿನ್ನನ್ನು ನಂಬದೆ ಹೋದೆ, ಅದು ನನ್ನನ್ನು ಸುಡುತ್ತಿದೆ. ಕ್ಷಮಿಸು ತಮ್ಮಾ.

ಕೈಗೆ ಮುಲಾಮು ಹಚ್ಚಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮನ ಆಶೀರ್ವಾದ.

ನಿನ್ನ
ಬಾಯಿಬಡುಕಿ ಅಕ್ಕ

ತಾ.ಕ.: ಲಕೋಟೆ ಅಂಟಿಸಲು ಹೋದೆ, ಆಗಲಿಲ್ಲ. ನಿನ್ನ ನೀಲಿ ಹಕ್ಕಿ ಚೆನ್ನಾಗಿದೆ ಎಂದು ಅಮ್ಮ ಪ್ರತಿ ಸಲ ಫೋನಿನಲ್ಲಿ ಹೇಳುತ್ತಾಳಲ್ಲ, ಅದು ನಾನು ಹೇಳಿಸಿದ್ದು. ನೀನು ಹೋದ ಮರುದಿನವೇ ಸಿಟ್ಟಿನಲ್ಲಿ ಅದನ್ನು ಮೂಲೆ ಅಂಗಡಿಯ ಅಜ್ಜಿಗೆ ಕೊಟ್ಟುಬಿಟ್ಟೆ. ವಾಪಸ್ ಕೇಳಲು ಎರಡು ಸಲ ಹೋದೆ. ಅದು ಅಜ್ಜಿಯ ಭುಜದ ಮೇಲೆ ಕೂತು ಅವರ ಕೈಯಿಂದಲೇ ಕಾಳು ತಿನ್ನುತ್ತದೆ. ಎರಡು ಸಲವೂ ಕೇಳದೆಯೇ ವಾಪಸ್ ಬಂದೆ. ಆಗಿನದು, ಈಗಿನದು, ಎರಡೂ ನೀಲಿ ಮರಿಗಳು ನಿನ್ನವು. ಅವು ಅದಕ್ಕೆ ಸಮವಲ್ಲ, ಗೊತ್ತು. ಬೈಯಬೇಕೆನಿಸಿದರೆ ಕಾಗದದಲ್ಲಿ ಬೈಯಬೇಡ. ಬಂದು, ಎದುರಿಗೆ ನಿಂತು ಬೈ.