ಮಾಳಿಗೆಯ ಮೇಲೆ ಚಳಿಗಾಲ

ಸಿಂದಗಿ, 12 ಆಗಸ್ಟ್ 1976
ಕಾಗದ ಬದಲಿಸಿದೆ. ಮಾಳಿಗೆಯ ಮೇಲಿನ ಪಂಪು ನಿನ್ನೆಯಿಡೀ ಊರ ಗಾಳಿ ಎಳೆದರೂ ಫಿಲ್ಟರ್ ಕಾಗದ ಬೆಳ್ಳಗೇ. ಮಳೆಗಾಲ — ಗಾಳಿ ಸ್ನಾನ ಮಾಡಿ ಕೂತಿದೆ. ಯಾವ ಋತುವಿನಲ್ಲಿ ಗಾಳಿಗೆ ಎಷ್ಟು ಹೊಗೆಜಿಡ್ಡು ಎಂದು ವರ್ಷಪೂರ್ತಿ ಅಳೆದು ತೋರಿಸಿದರೆ ಪಿಎಚ್.ಡಿ. ಇಲ್ಲದಿದ್ದರೆ ಇಲ್ಲ.
ಮನೆಯೊಡತಿ ಸುಂದರವ್ವ ಕೇಳಿದರು: “ಯಾಕ್ರೀ ಜಯತೀರ್ಥ ಮಾಸ್ತರ, ಮಾರಿ ಸಣ್ಣ ಮಾಡೀರಿ?”
“ಕಾಗದ ಕರ್ರಗ ಆಗವಲ್ದ್ರೀ. ಥಂಡಿ ಬರಬೇಕು, ಹೊಗಿ ಹೆಚ್ಚಾಗಬೇಕು.”
ಬಹಳ ಮರುಗಿದರು ಪಾಪ.

14 ನವೆಂಬರ್
ಕರ್ರಗೆ! ಬೆಂಜೀನಿನಲ್ಲಿ ಅದ್ದಿದರೆ ಜಿಡ್ಡು ಕರಗಿ ಗಟ್ಟಿ ಚಹಾದ ಬಣ್ಣ. ಚಳಿಗಾಲ ಅಂದರೆ ಇದು! ಧಾರವಾಡಕ್ಕೆ, ಗೈಡ್ ಬಸಂತರಾಯ ಸರ್‌ಗೆ ಬರೆದೆ.

26 ಡಿಸೆಂಬರ್, ರವಿವಾರ
ಸರ್ ಅವರನ್ನು ಬಸ್ ಸ್ಟ್ಯಾಂಡಿನಿಂದ ಕರೆತಂದೆ. ಎದೆಯುಬ್ಬಿಸಿ ಮಾಳಿಗೆ ಹತ್ತಿಸಿದೆ. ಪಂಪಿನ ಬಾಯಿ ಕೆಳಗೇ ಅಗ್ಗಿಷ್ಟಿಗೆ... ಅದರಲ್ಲಿ ಸಗಣಿ ಕುಳ್ಳಿನ ಭುಗುಭುಗು ಹೊಗೆ!
ಸುಂದರವ್ವನ ಮುಖ ಅರಳಿತ್ತು. “ದೀಪಾವಳಿಯಿಂದ ದಿನಾ ಎರಡ ಕುಳ್ಳ ಇಡಾಕತ್ತೇನ್ರೀ. ಮಾಸ್ತರ ಕಾಲೇಜಿಗೆ ಹೋದ ಕೂಡ್ಲೆ. ಇವತ್ತ ಸಾಹೇಬ್ರು ಬರ್ತಾರಂತ ನಾಕು!”
ಎರಡು ತಿಂಗಳ ದುಡಿಮೆ ಹೊಗೆಯಲ್ಲಿ ಹೋಯಿತು. ಸರ್ ನಕ್ಕು ನಕ್ಕು ಕಟ್ಟೆಯ ಮೇಲೆ ಕುಸಿದರು.
“ಈ ಕಾಗದ ಒಗೀಬ್ಯಾಡೋ. ಬರೇ ಕುಳ್ಳಿನ ಹೊಗಿ ಹೆಂಗಿರ್ತದ ಅಂತ ಗೊತ್ತಾತಲ್ಲ, ಹೋಲಿಸಾಕ ಬೇಕಾಗ್ತದ. ಥಂಡಿ ಇನ್ನೂ ಮುಗಿದಿಲ್ಲ. ನಾಳೆಯಿಂದ ಹೊಸ ಕಾಗದ ಹಾಕು.”
ಸುಂದರವ್ವ ಅಗ್ಗಿಷ್ಟಿಗೆ ಎತ್ತಿಕೊಂಡು ಇಳಿದರು.

2 ಜನವರಿ 1977
ವಾರದಿಂದ ತಣ್ಣೀರು ಸ್ನಾನ. ಹಲ್ಲು ಕಟಕಟ. ಬಚ್ಚಲ ಒಲೆ ಹಚ್ಚುತ್ತಿಲ್ಲ. ಊಟಕ್ಕೆ ಆರಿದ ರೊಟ್ಟಿ. ಸುಂದರವ್ವನಿಗೆ ಸಿಟ್ಟೇ?
ಇಂದು ತಿಳಿಯಿತು. ಓಣಿಯ ಆಚೆ ತುದಿಯಲ್ಲಿ, ತಂಗಿ ತಿಪ್ಪವ್ವನ ಮನೆಯಲ್ಲಿ ಅಡುಗೆ ಮಾಡಿ, ಬುಟ್ಟಿ ಹೊತ್ತು ತರುತ್ತಾರಂತೆ.
“ನಮ್ಮನಿ ಹೊಗಿ ನಿಮ್ಮ ಕಾಗದಕ್ಕ ಹತ್ತಬಾರದಲ್ರೀ. ಒಮ್ಮೆ ಕೆಡಿಸಿದ್ದು ಸಾಕು.”
ನಗು ಬಂತು, ಕಣ್ಣೂ ತುಂಬಿತು. ಮೊದಲ ಸಲ ಆ ಕರೆ ಬಾಯಿಗೆ ಬಂತು — “ಅವ್ವಾ, ನಿಮ್ಮ ಒಲಿ ಹೊಗಿನೂ ಊರ ಗಾಳಿನ. ಹಚ್ಚರಿ.”
“ಎಷ್ಟ ಹಚ್ಚಲಿ?”
“ಮೊದಲೆಲ್ಲಾ ದಿನಾ ಎಷ್ಟ ಹಚ್ಚತಿದ್ರಿ, ಅಷ್ಟ.”

3 ಜನವರಿ, ಬೆಳಿಗ್ಗೆ
ಬಿಸಿನೀರು ಸ್ನಾನ! ಹೊಸ ಕಾಗದ ಹಾಕಿದೆ. ಕೆಳಗೆ ರೊಟ್ಟಿ ಬಡಿಯುವ ಸದ್ದು. ಹೊಗೆ ಸಣ್ಣಗೆ ಮೇಲೇರುತ್ತಿದೆ, ಎಲ್ಲರ ಮನೆಯದರ ಜೊತೆಗೆ ನಮ್ಮದೂ. ರೊಟ್ಟಿ ಆರುತ್ತದೆಂದು ಅವ್ವ ಕೂಗುತ್ತಿದ್ದಾರೆ, ಉಳಿದದ್ದು ಆಮೇ —